ಹಿಂದಿನ ಸೀಟು

"ಒರಗಿ ಕೂತ್ಕೊಳ್ರೀ! ಸೋಫಾ ಏನೂ ಕಚ್ಚಲ್ಲ," ಎಂದು ಹೆಂಡತಿ ಗದರಿದಳು. ಗೇಟಿನ ಮುಂದೆ ಗಂಡಿನ ಕಡೆಯವರ ಕಾರು ನಿಂತಿತ್ತು.

ಡ್ರೈವರ್ ಒರಗಿದ. ಸೋಫಾ ಪ್ರೊಫೆಸರರದು, ಮನೆ ಪ್ರೊಫೆಸರರದು, ಮೈಮೇಲಿನ ಕೋಟೂ ಅವರದೇ. ಬಡವರು ಮೇಲೇರುವ ಬಗೆಯನ್ನು ಕುರಿತು ಏಳು ಪುಸ್ತಕ ಬರೆದಿದ್ದ ಆ ಪುಣ್ಯಾತ್ಮರು, ಅದೇ ವಿಷಯದ ಮೇಲೆ ಭಾಷಣ ಬಿಗಿಯಲು ಪರದೇಶಕ್ಕೆ ಹೋಗಿದ್ದರು. ಹನ್ನೆರಡು ವರ್ಷದಲ್ಲಿ ಡ್ರೈವರನಿಗೆ ಒಮ್ಮೆಯೂ ಕೂರು ಎಂದವರಲ್ಲ. ಗಿಡಗಳಿಗೆ ನೀರು ಹಾಕಲೆಂದು ಬೀಗದ ಕೈ ಮಾತ್ರ ಕೊಟ್ಟಿದ್ದರು.

ಡ್ರೈವರನ ಮಗಳು ಎಂದ ಕೂಡಲೇ ಎರಡು ಸಂಬಂಧ ಮುರಿದುಬಿದ್ದಿದ್ದವು. ಮೂರನೆಯದಕ್ಕೆ ದಲ್ಲಾಳಿ, ಹುಡುಗಿಯ ತಂದೆ ಪ್ರೊಫೆಸರು ಎಂದುಬಿಟ್ಟಿದ್ದ. ಹುಡುಗನ ತಂದೆ ದೊಡ್ಡ ಉದ್ಯಮಿಯಂತೆ. ಫೋಟೋ ನೋಡಿಯೇ ಮಗಳಿಗೆ ಹುಡುಗ ಮನಸಾರೆ ಹಿಡಿಸಿದ್ದ. ಇದೂ ತಪ್ಪಿದರೆ ಅವಳ ಮುಖ ನೋಡುವುದು ಹೇಗೆಂದು ಅಪ್ಪನ ಜೀವ ಬಾಯಿಗೆ ಬಂದಿತ್ತು.

ಉದ್ಯಮಿ ಮಗನೊಂದಿಗೆ ಬಂದು ಸೋಫಾದ ತುದಿಯಲ್ಲಿ ಕೂತರು. ಮಾತು ಕಡಿಮೆ. ಕಣ್ಣೆಲ್ಲ ಕಿಟಕಿಯಾಚೆ ನಿಂತಿದ್ದ ಪ್ರೊಫೆಸರರ ಕಾರಿನ ಮೇಲೆ.

"ನಿಮ್ಮ ಕಾರಿನ ಹಿಂದಿನ ಟೈರು ಸವೆದಿದೆ," ಎಂದರು.

ಡ್ರೈವರನ ಮೈ ಉರಿಯಿತು. ಬದಲಿಸಿ ಅಂತ ಪ್ರೊಫೆಸರರಿಗೆ ಹತ್ತು ಸಲ ಹೇಳಿದ್ದೀನಿ ಎಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡ.

"ನಮ್ಮ ಡ್ರೈವರ್ ಶುದ್ಧ ಸೋಮಾರಿ. ನಾಳೆನೇ ಚೆನ್ನಾಗಿ ಉಗೀತೀನಿ."

"ಅಯ್ಯೋ ಬಿಡಿ ಸರ್, ಪಾಪ, ಬೈಬೇಡಿ. ಅವನಿಗೂ ಎಷ್ಟು ಕೆಲಸವೋ ಏನೋ."

ತುಂಬಿದ ಕೊಡ ತುಳುಕುವುದಿಲ್ಲ, ಶ್ರೀಮಂತರೆಂದರೆ ಹೀಗಿರಬೇಕು ಎಂದುಕೊಂಡ ಡ್ರೈವರ್. ಇಂಥವರಿಗೆ ಸುಳ್ಳು ಹೇಳಿದೆನಲ್ಲ ಎಂದು ನಾಚಿಕೆಯೂ ಆಯಿತು.

ಹುಡುಗ, ಹುಡುಗಿ ಇಬ್ಬರೂ ಒಪ್ಪಿದರು. ಉದ್ಯಮಿ ಎದ್ದರು. "ಬನ್ನಿ, ಹಾಗೇ ನಮ್ಮ ಮನೇನೂ ನೋಡ್ಕೊಂಡು ಬರೋಣ. ನಮ್ಮ ಕಾರಲ್ಲೇ ಹೋಗೋಣ."

"ಬಾಗಿಲಿಗೆ ಕೈ ಹಾಕಿದ್ರೆ ನೋಡಿ ಮತ್ತೆ!" ಎಂದು ಹೆಂಡತಿ ಕಿವಿಯಲ್ಲಿ ಎಚ್ಚರಿಸಿದಳು.

ಹುಡುಗ ಸ್ಟೀರಿಂಗ್ ಮುಂದೆ ಕೂತ. ಡ್ರೈವರ್ ಎರಡೂ ಕೈಗಳನ್ನು ಕೋಟಿನ ಜೇಬಿಗೆ ತುರುಕಿಕೊಂಡು ನಡೆದ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಹೊಟ್ಟೆಪಾಡಿನ ಗುಣ ಅದಕ್ಕಿಂತ ಗಟ್ಟಿ. ಕಾರಿನ ಹತ್ತಿರ ಬಂದದ್ದೇ ತಡ, ಕೈ ತಾನಾಗಿ ಹೊರಬಂದು ಹಿಂದಿನ ಬಾಗಿಲು ತೆರೆಯಿತು. ಹತ್ತುವವರ ತಲೆಗೆ ತಾಗದಂತೆ ಅಂಗೈ ಮೇಲಂಚಿಗೆ ಹೋಯಿತು. ಬೆನ್ನು ಬಾಗಿತು. "ಬನ್ನಿ ಸರ್" ಎಂದೂ ಅಂದುಬಿಟ್ಟ.

ಮಗಳ ಬಾಳಿಗೆ ನನ್ನ ಕೈಯಾರೆ ಕಲ್ಲು ಹಾಕಿದೆ ಎಂದುಕೊಂಡು ಕಣ್ಣು ಮುಚ್ಚಿದ. ಯಾರೂ ಹತ್ತಲಿಲ್ಲ. ಮೆಲ್ಲಗೆ ತಲೆ ಎತ್ತಿದ.

ಖಾಲಿ ಸೀಟಿನ ಆಚೆ, ಇನ್ನೊಂದು ಬಾಗಿಲನ್ನು ತೆರೆದು ಹಿಡಿದು, ಅಂಗೈಯನ್ನು ಮೇಲಂಚಿಗೆ ಒತ್ತಿ, ಬೆನ್ನು ಬಾಗಿಸಿ, ಉದ್ಯಮಿಗಳು ಇವನು ಹತ್ತಲೆಂದು ಕಾಯುತ್ತಿದ್ದರು.