ಗೇಣಜ್ಜಿಯ ಮಾರು

"ಎಂಬತ್ತು ಮಾರು ಕಮ್ಮಿ," ಎಂದು ಇಂಜಿನಿಯರ್ ಟೇಪು ಸುತ್ತಿಕೊಂಡ.

ಟ್ಯಾಂಕಿನ ಬುಡದಿಂದ ನೆಟ್ಟಗೆ ಬಂದಿದ್ದ ಪೈಪಿನ ಕಾಲುವೆ ಬೀದಿಯ ತಿರುವಿನಲ್ಲಿ ಗಕ್ಕನೆ ನಿಂತುಬಿಟ್ಟಿತ್ತು. ಮುಂದೆ ಅಗೆಯದ ನೆಲ. ಆ ನೆಲದುದ್ದಕ್ಕೂ ಇಳಿಜಾರಿನಲ್ಲಿ ಹತ್ತು ಮನೆ.

ಕರಾರು ಸರಳವಾಗಿತ್ತು. ಪೈಪು, ಸಿಮೆಂಟು ಇಂಜಿನಿಯರನ ಕಚೇರಿಯದು, ಅಗೆತ ಊರಿನದು. ಕೈಯಲ್ಲಿ ಕಾಸಿಲ್ಲದ ಊರು ಮೈ ಬಗ್ಗಿಸಿ ತನ್ನ ಪಾಲು ಸಲ್ಲಿಸಬೇಕು. ಅರವತ್ತು ಮನೆ, ಮನೆಗೆ ಎಂಟು ಮಾರು. ಅಳೆದುಕೊಟ್ಟವಳು ನೀರಿನ ಸಮಿತಿಯ ಹಿರಿಯಳು, ಊರಿನ ಸೂಲಗಿತ್ತಿ. ಎರಡೂ ಕೈ ಚಾಚಿ ಒಂದು, ಮತ್ತೆ ಚಾಚಿ ಎರಡು ಎಂದು ಎಣಿಸುತ್ತ, ಯಾರ ಮುಖವನ್ನೂ ನೋಡದೆ ಅಳೆದಿದ್ದಳು. ಒಂದು ಮನೆಗೆ ಹೆಚ್ಚಿಲ್ಲ, ಒಂದು ಮನೆಗೆ ಕಮ್ಮಿಯಿಲ್ಲ. ಆದರೆ ಕಚೇರಿಯ ಕಾಗದದಲ್ಲಿ ಮಾರು ಎಂದರೆ ಆರಡಿ. ಊರೆಲ್ಲ ಗೇಣಜ್ಜಿ ಎಂದು ಕರೆಯುವ ಈ ಮುದುಕಿ ಬೆರಳ ತುದಿಯಿಂದ ಬೆರಳ ತುದಿಗೆ ಎಷ್ಟು ಎಳೆದರೂ ಐದಡಿ.

ಯಾರೋ ಕಿಸಕ್ಕೆಂದರು. ಅಷ್ಟೇ ಸಾಕಾಯಿತು, ನೆರೆದ ಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಗೇಣಜ್ಜಿ ನಗಲಿಲ್ಲ. ತನ್ನ ಕೈಗಳನ್ನೇ ಒಮ್ಮೆ ನೋಡಿಕೊಂಡಳು.

"ಸಂಜೆ ಐದಕ್ಕೆ ನಾನು ಬರೆದು ಕಳಿಸಬೇಕು, ಅಜ್ಜಿ," ಎಂದ ಇಂಜಿನಿಯರ್. "ಅಗೆದಷ್ಟಕ್ಕೆ ಪೈಪು ಬರುತ್ತೆ. ನಾಳೆಗೆ ಈ ವರ್ಷದ ಹಣದ ಬಾಗಿಲು ಮುಚ್ಚುತ್ತೆ. ಈ ಹತ್ತು ಮನೆಗೆ ಮುಂದೆ ಯಾವಾಗ ಹಣ ಬರುತ್ತೋ ಆಗ."

"ನಲ್ಲಿ ಇಲ್ಲದ ಮನೆಗೆ ಪಾಯಿಖಾನೆ ಕಟ್ಟೋ ಹಣವೂ ಇಲ್ಲ ಅಂದಿದ್ದೆಯಲ್ಲ ಮಗಾ?"

"ಹೌದು. ಅದೂ ಇಲ್ಲ."

"ಐವತ್ತು ಮನೆಗೆ ಬರುತ್ತಲ್ಲ, ಅದೇ ದೊಡ್ಡದು," ಎಂದ ಅಂಗಡಿಯವ. ಊರಿಗೆಲ್ಲ ಎತ್ತರದ ಆಳು. ತನ್ನ ಅಂಗಡಿಯ ಬಾಗಿಲಲ್ಲಿ ತಾನೇ ತಲೆ ತಗ್ಗಿಸಿ ಹೋಗಬೇಕು. "ನೀನು ಅಳೆದು ಕೊಟ್ಟಷ್ಟು ನಾವು ಅಗೆದಿದ್ದೀವಿ. ಇನ್ನೊಂದು ಸಲ ಪಿಕಾಸಿ ಹಿಡಿಯೋಕೆ ನಮ್ಮ ಸೊಂಟವೇನು ಕಬ್ಬಿಣದ್ದಾ?"

ಹೌದು ಹೌದೆಂದು ತಲೆಗಳು ಆಡಿದವು. ಇಳಿಜಾರಿನವರು ಮಾತ್ರ ನೆಲ ನೋಡುತ್ತ ನಿಂತಿದ್ದರು.

ಆ ಹತ್ತು ಮನೆಗಳಲ್ಲಿ ಹೆರಿಗೆಗೆ ಹೋದಾಗಲೆಲ್ಲ ಗೇಣಜ್ಜಿಯ ಮೊದಲ ಮಾತು ನೀರು. ಅವರು ಹೊಂಡದ ನೀರನ್ನು ಬಟ್ಟೆಯಲ್ಲಿ ಎರಡೆರಡು ಸಲ ಸೋಸಿ ತರುತ್ತಿದ್ದರು. ಆದರೂ ಪಾತ್ರೆಯ ತಳ ಕಾಣುತ್ತಿರಲಿಲ್ಲ. ಹೋದ ಬೇಸಿಗೆಯಲ್ಲಿ ತಾನೇ ಎತ್ತಿಕೊಂಡಿದ್ದ ಎರಡು ಕೂಸು ವಾಂತಿಭೇದಿಗೆ ತೀರಿಹೋಗಿದ್ದವು. ತಪ್ಪು ತನ್ನ ತೋಳಿನದು, ಸರಿ. ದಂಡ ತೆರುವವರು ಅವರಾ?

ಅವಳು ಒಂದು ಸಲಿಕೆ ಎತ್ತಿಕೊಂಡು ಟ್ಯಾಂಕಿನ ಕಡೆ ನಡೆದಳು. ಮುದುಕಿಗೆ ಏನು ಬಂತಪ್ಪಾ ಎಂದು ಮಂದಿ ಹಿಂದೆಯೇ ಹೋಯಿತು. ಟ್ಯಾಂಕಿನ ಬುಡದಲ್ಲಿ, ಕಾಲುವೆ ಶುರುವಾಗುವಲ್ಲಿ ನಿಂತು ಅವಳು ದಂಡೆಯ ಮಣ್ಣನ್ನು ಒಂದು ಸಲಿಕೆ ತುಂಬಿ ಕಾಲುವೆಗೇ ಸುರಿದಳು. ಇನ್ನೊಂದು ಸಲಿಕೆ.

"ಅಜ್ಜೀ! ಏನು ಮಾಡ್ತಿದ್ದೀರಿ?" ಇಂಜಿನಿಯರ್ ಓಡಿ ಬಂದ.

"ಮುಚ್ತಾ ಇದೀನಿ."

"ಇಲ್ಲಿ ಮುಚ್ಚಿದರೆ ಊರಿಗೇ ನೀರಿಲ್ಲ!"

"ಗೊತ್ತು ಮಗಾ. ನಮ್ಮ ಮನೆ ಇಲ್ಲಿಂದ ಮೂರನೇದು." ಇನ್ನೊಂದು ಸಲಿಕೆ ಬಿತ್ತು. "ಪೈಪು ಬರುತ್ತೆ ಅಂತ ಈ ಊರಲ್ಲಿ ಒಬ್ಬರೂ ನಂಬದೆ ಇದ್ದಾಗ ಮೊದಲು ಪಿಕಾಸಿ ಹಾಕಿದವರು ಯಾರು? ಆ ಇಳಿಜಾರಿನ ಹತ್ತು ಮನೆಯವರು. ಟ್ಯಾಂಕಿನಿಂದ ಶುರುವಾಗಿ ಎಂಬತ್ತು ಮಾರು ಅವರ ಬೆವರು. ಇವನ ಅಂಗಡಿ ಮುಂದೆ ಹೋಗಿರೋ ಕಾಲುವೆಯೂ ಅವರದೇ. ಅವರಿಗೆ ನೀರಿಲ್ಲ ಅಂದಮೇಲೆ ಅವರ ಅಗೆತ ಅವರು ವಾಪಸ್ ತಗೊಳ್ಳಲಿ."

ಇಳಿಜಾರಿನ ಹೆಂಗಸೊಬ್ಬಳು ಮಗುವನ್ನು ಪಕ್ಕದವಳ ಕೈಗಿತ್ತು ಬಂದು ಬರಿಗೈಯಲ್ಲೇ ಮಣ್ಣು ತಳ್ಳತೊಡಗಿದಳು. ಅವಳ ಹಿಂದೆ ಇನ್ನಿಬ್ಬರು ಬಂದರು. ಮೊಣಕಾಲಾಳದ ಕಾಲುವೆ ಗೇಣಾಳವಾಯಿತು.

"ಅಯ್ಯೋ, ನಿಲ್ಲಿಸಮ್ಮಾ ತಾಯಿ!" ಅಂಗಡಿಯವ ಒಂದೇ ದಾಪುಗಾಲಿಗೆ ಕಾಲುವೆಗಿಳಿದು ಸಲಿಕೆಗೆ ಅಡ್ಡ ನಿಂತ. ಅವನ ಪಾದದ ಮೇಲೆ ಮಣ್ಣು ಬಿತ್ತು. "ಊರಿಗೆ ಊರನ್ನೇ ಹೆದರಿಸ್ತೀಯಲ್ಲ! ಇದೆಂಥ ಹಟ?"

"ಹಟ ನನ್ನ ಕಸುಬು ಕಣಪ್ಪ. ನೀನು ಹುಟ್ಟೋವಾಗ ಕಾಲು ಮೊದಲು ಬಂತು. ಆಗಲೂ ಎಲ್ಲರೂ ಬಿಡು ಅಂದ್ರು. ಬಿಟ್ಟಿದ್ದರೆ ಇವತ್ತು ನನಗೆ ಅಡ್ಡ ನಿಲ್ಲೋಕೆ ಯಾರಿರ್ತಿದ್ದರು?"

ಮಂದಿ ಮತ್ತೆ ನಕ್ಕಿತು. ಈ ಸಲ ನಗು ಅವನ ಕಡೆ ತಿರುಗಿತ್ತು. ಅವನು ತಲೆ ಕೆರೆದುಕೊಂಡ, ತಿರುವಿನ ಕಡೆ ನೋಡಿದ, ಮನಸ್ಸಿನಲ್ಲೇ ಲೆಕ್ಕ ಹಾಕಿದ. "ಮನೆಗೆ ಹೆಚ್ಚೆಂದರೆ ಒಂದೂವರೆ ಮಾರು ಬಿದ್ದರೆ ಮುಗಿಯುತ್ತೆ," ಎಂದ, ಸೋತ ದನಿಯಲ್ಲಿ.

"ಅಷ್ಟೇ. ಅದಕ್ಕೂ ಮೊದಲು ಈ ಮಣ್ಣು ಎತ್ತು. ನಾನೂ ಎತ್ತುತ್ತೀನಿ. ಆಮೇಲೆ ಅಳತೆಗೆ ನೀನೇ ಬಾ. ನನ್ನ ತೋಳನ್ನು ಇನ್ನು ಯಾರೂ ನಂಬೋದು ಬೇಡ."

ಹನ್ನೊಂದರ ಬಿಸಿಲಿಗೆ ತಿರುವಿನಲ್ಲಿ ಅಂಗಡಿಯವ ಎರಡೂ ಕೈ ಚಾಚಿ ಬೆದರುಬೊಂಬೆಯಂತೆ ನಿಂತಿದ್ದ. ಅವನ ಹಿಂದೆ ಪಿಕಾಸಿ, ಸಲಿಕೆ, ಬುಟ್ಟಿ ಹಿಡಿದ ಅರವತ್ತು ಮನೆ. ಅವನು ಒಂದೊಂದು ಮಾರು ಸರಿದಂತೆ ಗೇಣಜ್ಜಿ ಸುಣ್ಣದಿಂದ ಗೆರೆ ಎಳೆಯುತ್ತ ಹೋದಳು. ಎಂಬತ್ತನೆಯ ಮಾರಿಗೆ ಅವನು ಉಸ್ಸೆಂದು ಕೈ ಇಳಿಸಲು ಹೋದ. ಅವಳು ತುದಿಗಾಲಲ್ಲಿ ನಿಂತು ಅವನ ಮುಂಗೈ ಹಿಡಿದಳು.

"ಇನ್ನೂ ಸ್ವಲ್ಪ ಚಾಚಪ್ಪಾ. ನಿನ್ನ ಬೆರಳ ತುದೀಲಿ ಇನ್ನೂ ಒಂದು ಮನೆ ಇದೆ."