ಬಾರದ ಎಳೆ

ಟಬ್ಬಿನಿಂದ ಎತ್ತಿದಾಗ ಉಣ್ಣೆ ಎಳೆಎಳೆಯಾಗಿ ಬರಲಿಲ್ಲ. ಒದ್ದೆ ಕಂಬಳಿಯ ತುಂಡಿನಂತೆ ಒಟ್ಟಿಗೇ ಮೇಲೆದ್ದಿತು. ಜಿಡ್ಡು ಚೆನ್ನಾಗಿ ಬಿಡಲೆಂದು ಸೊಸೆ ಕುದಿಯುವ ನೀರು ಸುರಿದು, ಬಟ್ಟೆ ತಿಕ್ಕುವಂತೆ ತಿಕ್ಕಿದ್ದಳು. ಇನ್ನು ನೂಲುವ ಮಾತೇ ಇಲ್ಲ. ಅತ್ತೆ ಸಾಕಿದ ಹಳೇ ತಳಿಯಲ್ಲಿ ಉಳಿದಿದ್ದ ಒಂದೇ ಒಂದು ಕುರಿ ಹೋದ ವಾರ ಸತ್ತಿತ್ತು. ಇದು ಅದರ ಉಣ್ಣೆ.

"ಆಯ್ತೇನೇ?" ರಾಟೆಯ ಮುಂದೆ ಕೂತಿದ್ದ ಅತ್ತೆ ಕೈಚಾಚಿದರು. ದೃಷ್ಟಿ ಮಂಜಾದ ಮೇಲೆ ಅವರಿಗೆ ಬೆರಳೇ ಕಣ್ಣು.

"ಇನ್ನೂ ಒಣಗಿಲ್ಲ ಅತ್ತೆ..."

"ಇರ್ಲಿ ಕೊಡು, ಮುಟ್ಟಿ ನೋಡ್ತೀನಿ."

ಕೊಟ್ಟಳು. ಅತ್ತೆ ಎರಡು ಬೆರಳಲ್ಲಿ ಒಂದು ಎಳೆ ಜಗ್ಗಿದರು. ಬರಲಿಲ್ಲ. ತಿರುವಿ ಹಾಕಿ ಇನ್ನೊಂದು ಕಡೆಯಿಂದ ಜಗ್ಗಿದರು. ಸೊಸೆ ತಲೆತಗ್ಗಿಸಿ ಕಾದಳು. ಬಾಗಿಲು ಜೋರಾಗಿ ಹಾಕಿದರೂ ಸೂರು ಹಾರುವಂತೆ ಬೈಯುವ ಬಾಯಿ ಅದು.

"ಬಿಸಿನೀರು ಹಾಕಬೇಡ ಅಂತ ನಾನೇ ಹೇಳಲಿಲ್ವಲ್ಲೇ," ಎಂದರು ಅತ್ತೆ, ಮೆಲ್ಲಗೆ. ಒದ್ದೆ ತುಂಡನ್ನು ಮಡಿಲಲ್ಲಿಟ್ಟುಕೊಂಡು, ಕುರಿಯ ಬೆನ್ನು ಸವರುವ ಹಾಗೆ ಸವರತೊಡಗಿದರು.

"ಬೈಯಿರಿ ಅತ್ತೆ," ಎಂದಳು ಸೊಸೆ. "ಒಂದು ಮಾತಾದ್ರೂ ಬೈಯಿರಿ."

ಅತ್ತೆ ಸವರುತ್ತಲೇ ಇದ್ದರು.