ಅಪ್ಪನ ಟೆಂಪೋದಲ್ಲಿ ಬಂಡೀಪುರಕ್ಕೆ

ಹೊಗೆಸೊಪ್ಪಿನ ವಾಸನೆ ಬಂದರೆ ಈಗಲೂ ನನಗೆ, ಅದನ್ನು ಸಾಗಿಸುತ್ತಿದ್ದ ಅಪ್ಪನ ಟೆಂಪೋ ನೆನಪಾಗುತ್ತದೆ. ಆ ಬೇಸಿಗೆ ರಜೆಯಲ್ಲಿ ಅಪ್ಪ ಅದರ ಹಿಂಬದಿಗೆ ಹಾಸಿಗೆ ಹಾಸಿ, ಸ್ಟೌ, ಪಾತ್ರೆ ತುಂಬಿಕೊಂಡು ನಮಗೆಲ್ಲ ನಾಗರಹೊಳೆ ತೋರಿಸಿ, ಬಂಡೀಪುರಕ್ಕೆ ಹೊರಟಿದ್ದ. ಅಜ್ಜಿ ಹಿಂದೆ ಮಲಗಿದ್ದಳು. ಮುಂದೆ ಅಪ್ಪ, ಅಮ್ಮನ ನಡುವೆ ನಾನು. ಏನೋ ಜಗಳವಾಗಿ, ಹ್ಯಾಂಡ್‌ಪೋಸ್ಟ್ ಎಂಬ ಊರು ದಾಟಿದರೂ ಅವರಿಬ್ಬರೂ ಮಾತಾಡಿರಲಿಲ್ಲ.

"ನಿಮ್ಮಪ್ಪಂಗೆ ನೀರು ಬೇಕಂತಾ ಕೇಳು ಮಗ" ಎನ್ನುತ್ತಿದ್ದಳು ಅಮ್ಮ, ನನಗೆ.

ಕಾಡಿನ ತಿರುವಿನಲ್ಲಿ ಒಂಟಿ ಆನೆಯೊಂದು ರಸ್ತೆಗೆ ಅಡ್ಡ ನಿಂತಿತ್ತು. ಅಪ್ಪ ಎಂಜಿನ್ ಆರಿಸಿ, "ಆನೆ ಕಣವ್ವಾ" ಎಂದು ಹಿಂದಿದ್ದ ಅಜ್ಜಿಗೆ ಪಿಸುಗುಟ್ಟಿದ. ಅಮ್ಮ ನನ್ನ ಮೇಲಿಂದ ಕೈ ಚಾಚಿ ಅಪ್ಪನ ತೋಳನ್ನು ಬಿಗಿಯಾಗಿ ಹಿಡಿದುಕೊಂಡಳು.

ಸ್ವಲ್ಪ ಹೊತ್ತಿಗೆ ಆನೆ ಬಿದಿರುಮೆಳೆಯೊಳಗೆ ಮರೆಯಾಯಿತು.

"ಆನೆ ಓಯ್ತೇನ್ಲಾ?" ಹಿಂದಿನಿಂದ ಅಜ್ಜಿ ಅಪ್ಪನನ್ನು ಕೇಳಿದಳು.

ರಸ್ತೆ ಖಾಲಿಯಿತ್ತು. ಅಮ್ಮ ಇನ್ನೂ ಕೈ ತೆಗೆದಿರಲಿಲ್ಲ.

"ಇಲ್ಲ ಕಣವ್ವಾ, ಅಲ್ಲೇ ಅದೆ. ಸುಮ್ಕಿರು" ಎಂದ ಅಪ್ಪ.